ಇಡೀ ಮೊಟ್ಟೆ

ಮೊಟ್ಟೆ ಬೇಯ್ಸೋದನ್ನೂ ಕೂತ್ಕೊಂಡು ಬರೀಬೇಕಾ, ನೀರಿಗೆ ಹಾಕುದ್ರೆ ಬೇಯ್ತದ, ಆರುದ್ ಮೇಲೆ ಸುಲುದ್ರೆ ಆಯ್ತು ಅಂತ ನೀವು ಅನ್ನಬಹುದು. ಬೇಯ್ಸೋದು ಸುಲಭವೇ ಕನಿ. ಸುಲಿಯೋದು ಅದಲ್ಲ, ಅದು ದಿನಕ್ಕೊಂದು ತರ. ಒಂದಿನ ಸಿಪ್ಪೆ ಟೋಪಿ ತೆಗೆದಂಗೆ ಬಂದ್ಬುಡ್ತದ. ಇನ್ನೊಂದಿನ ಅದೇ ಅಂಗಡಿ ಮೊಟ್ಟೆ, ಅದೇ ಪಾತ್ರೆ, ಅದೇ ಒಲೆ, ಆದ್ರೂ ಸಿಪ್ಪೆ ಚೂರುಚೂರಾಗಿ, ಒಂದೊಂದು ಚೂರಿನ ಜೊತೆಗೂ ಬಿಳಿ ಕಿತ್ಕೊಂಡು ಬಂದು, ಕೊನೆಗೆ ಕೈಲಿ ಉಳಿಯೋದು ಇಲಿ ಕಚ್ಚಿದಂಗೆ ಇರೋ ಒಂದು ಉಂಡೆ.

ಮನೆ ಮಟ್ಟಿಗೆ ಅದೇನು ದೊಡ್ಡ ವಿಷಯ ಅಲ್ಲ. ಎಸ್ರಿಗೆ ಹಾಕುದ್ರೆ ಯಾರಿಗೂ ಕಾಣಲ್ಲ. ಆದ್ರೆ ನನ್ನ ತಂಗಿ ದಿನಾ ನೂರಿಪ್ಪತ್ತು ಮೊಟ್ಟೆ ಬೇಯ್ಸಿ ಸುಲಿಯೋಳು. ಗುಂಡ್ಲುಪೇಟೆ ತಾಲೂಕಿನ ಒಂದು ಹಳ್ಳಿ ಶಾಲೇಲಿ ಬಿಸಿಯೂಟದ ಅಡುಗೆ ಮಾಡ್ತಾಳೆ. ಮೊನ್ನೆ ಮೊನ್ನೆ ಈ ಸಿಪ್ಪೆ ದೆಸೆಯಿಂದಲೇ ಕೆಲಸ ಬುಟ್ಬುಡ್ತೀನಿ ಅಂತ ಕೂತಿದ್ಲು. ಅದಕ್ಕೇ ಬರೀತಾ ಇದ್ದೀನಿ.

ಮೊದಲು ನಮ್ಮ ಮನೆ ಮೊಟ್ಟೆ ಕತೆ ಹೇಳ್ಬುಡ್ತೀನಿ. ನಾವು ಹುಡುಗರಾಗಿದ್ದಾಗ, ಅಂದ್ರೆ 1975-80ರ ಕಾಲ, ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಗೇ ಸೇರಿತ್ತು. (ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ.) ನಮ್ಮ ಮನೇಲಿ ಆರೇಳು ಹ್ಯಾಟೆ, ಒಂದು ಹುಂಜ ಯಾವಾಗಲೂ ಇರ್ತಿತ್ತು. ಕೋಳಿ ಇತ್ತು ಅಂದ್ಮೇಲೆ ದಿನಾ ಮೊಟ್ಟೆ ತಿಂದಿದ್ದೀರಾ ಅಂತ ನನ್ನ ಸೊಸೆ ಕೇಳ್ತಾಳೆ. ಎಲ್ಲಿ ತಿನ್ನೋದು! ಮೊಟ್ಟೆ ಅನ್ನೋದು ಅವ್ವನ ದುಡ್ಡಿನ ಡಬ್ಬಿ. ಹ್ಯಾಟೆ ಮೊಟ್ಟೆ ಇಟ್ಟ ತಕ್ಷಣ ಎತ್ಕೊಂಡೋಗಿ ರಾಗಿ ಗುಡಾಣದೊಳಗೆ ಹುದುಗಿಸಿ ಇಡ್ತಿದ್ಲು. ಹತ್ತು ಹನ್ನೆರಡು ಆದ್ಮೇಲೆ ಒಂದಷ್ಟನ್ನ ಕಾವು ಕೂರ್ಸೋದು, ಮಿಕ್ಕಿದ್ದನ್ನ ತೆರಕಣಾಂಬಿ ಸಂತೇಲಿ ಮಾರೋದು. ಆ ದುಡ್ಡಲ್ಲಿ ಉಪ್ಪು, ಸೀಮೆಎಣ್ಣೆ, ನಮಗೊಂದು ಬಳಪ ಬರ್ತಿತ್ತು. ಅಪ್ಪನ ಕೈಗೆ ಸಿಕ್ಕದ ದುಡ್ಡು ಅಂದ್ರೆ ಮನೇಲಿ ಅದೊಂದೇ.

ಹಂಗೂ ಕೆಲವು ಸಲ ಕಾವಿಗೆ ಆಗದ ಮೊಟ್ಟೆ ಉಳೀತಿತ್ತು. ಆಗ ಬೇಯ್ಸೋಳು. ನಾವು ಐದು ಜನ ಮಕ್ಕಳು, ಮೊಟ್ಟೆ ಮೂರು. ಅವ್ವ ರವಿಕೆ ಹೊಲಿಯೋ ದಾರ ತಗೊಂಡು, ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿ ಕೈಲಿ ಹಿಡ್ಕೊಂಡು, ಸುಲಿದ ಮೊಟ್ಟೆನ ಅದರ ಮೇಲೆ ಒತ್ತಿ ಎರಡು ಹೋಳು ಮಾಡೋಳು. ಚಾಕೂಲಿ ಕೊಯ್ದ್ರೆ ಅರಿಶಿನ ಚಾಕೂಗೇ ಅಂಟಿಕೊಂಡು ನಷ್ಟ ಆಯ್ತದ, ದಾರದಲ್ಲಾದ್ರೆ ಒಂದು ಚೂರೂ ಉದುರಲ್ಲ. ಅಣ್ಣಂದಿರಿಗೆ ಒಂದೊಂದು, ನಮಗೆ ಮೂರು ಹೆಣ್ಣಿಗೆ ಉಳಿದಿದ್ದರಲ್ಲಿ ಅರ್ಧ, ಅರ್ಧಕ್ಕಿಂತ ಕಮ್ಮಿ. ಅವ್ವನಿಗೆ ಸಿಪ್ಪೆಗೆ ಅಂಟಿದ್ದು. ಬೆರಳಲ್ಲಿ ಕೆರೆದು ತಿನ್ನೋಳು. ಅದನ್ನ ಯಾರೂ ಅನ್ಯಾಯ ಅಂತ ಅನ್ಕೊಂಡಿರ್ಲಿಲ್ಲ. ಗೇಯೋರಿಗೆ ಮೊದಲು ಅಂತ ಲೆಕ್ಕ. ಹೆಣ್ಣುಮಕ್ಕಳೂ ಗೇಯ್ತಿದ್ದೋ, ಅದು ಲೆಕ್ಕಕ್ಕೆ ಇರ್ಲಿಲ್ಲ ಅಷ್ಟೇ.

ನನ್ನ ಪಾಲಿಗೆ ಅಂತ ಒಂದು ಇಡೀ ಮೊಟ್ಟೆ ಬಂದಿದ್ದು ನಾನು ದೊಡ್ಡವಳಾದಾಗ. ನಮ್ಮ ಕಡೆ ಹೆಣ್ಣುಮಗು ಮೈನೆರೆದಾಗ ನಾಟಿಕೋಳಿ ಹಸಿ ಮೊಟ್ಟೆ ಒಡೆದು ಬಾಯಿಗೆ ಬುಟ್ಟು, ಮೇಲೆ ಅದೇ ಸಿಪ್ಪೆ ತುಂಬ ಎಳ್ಳೆಣ್ಣೆ ಕುಡಿಸ್ತಾರೆ, ಸೊಂಟಕ್ಕೆ ಬಲ ಅಂತ. ವಾಕರಿಕೆ ಬಂದು ಮೂಗು ಮುಚ್ಚಿಕೊಂಡು ನುಂಗಿದ್ದು ನೆನಪದ. ಆಸೆಪಟ್ಟಿದ್ದು ಬೇಯ್ಸಿದ ಮೊಟ್ಟೆ, ಸಿಕ್ಕಿದ್ದು ಹಸಿ ಮೊಟ್ಟೆ!

ದೊಡ್ಡವ್ವನ ಮಗಳನ್ನ ತಾಳವಾಡಿ ಕಡೆಗೆ ಕೊಟ್ಟಿದ್ರು. ತಾಳವಾಡಿ ಅಂದ್ರೆ ನಮಗೆ ಬೇರೆ ರಾಜ್ಯ ಅಂತ ಅನ್ನಿಸೋದೇ ಇಲ್ಲ. ಮಾತು ಕನ್ನಡ, ದೇವರು ಒಂದೇ, ಡಾ. ರಾಜ್‌ಕುಮಾರ್ ಅವರ ಗಾಜನೂರು ಅಲ್ಲೇ ಅದ. ಆದ್ರೆ ಲೆಕ್ಕಕ್ಕೆ ಅದು ತಮಿಳುನಾಡು, ಈರೋಡು ಜಿಲ್ಲೆ. ಅಕ್ಕ ಊರಿಗೆ ಬಂದಾಗೆಲ್ಲ ಹೇಳೋಳು, "ನಮ್ ಹೈಕಳಿಗ ಸ್ಕೂಲ್ಲೇ ಮೊಟ್ಟ ಕೊಡ್ತಾರ ಕನವ್ವ" ಅಂತ. ತಮಿಳುನಾಡಲ್ಲಿ ಶಾಲೆ ಊಟಕ್ಕೆ ಮೊಟ್ಟೆ ಸೇರಿಸಿದ್ದು 1989ರಲ್ಲಿ. ಆಗ ಹದಿನೈದು ದಿನಕ್ಕೊಂದು. ಆಮೇಲೆ ವಾರಕ್ಕೊಂದು, 2010ರ ಹೊತ್ತಿಗೆ ವಾರದಲ್ಲಿ ಐದು. ಗಡಿ ಕಲ್ಲಿನ ಆ ಕಡೆ ಇರೋ ಕನ್ನಡದ ಮಕ್ಕಳಿಗೆ ಮೊಟ್ಟೆ, ಈ ಕಡೆ ಇರೋ ನಮ್ಮ ಮಕ್ಕಳಿಗೆ ಇಲ್ಲ. ಅವ್ವ ಕೇಳೋಳು, "ಅಲ್ಲಿ ಹೆಣ್ಣೈಕಳಿಗೂ ಇಡೀದ ಕೊಟ್ಟರಾ?" ಅಂತ. "ಎಲ್ರಿಗೂ ಒಂದೊಂದು ಕಣ್ ಚಿಕ್ಕವ್ವ, ಎಣಿಸಿ ಕೊಡ್ತಾರ" ಅಂದ್ರೆ ಅವ್ವ ನಂಬ್ತಿರ್ಲಿಲ್ಲ.

ನಮ್ಮಲ್ಲಿ ಬರೋದು ತಡ ಆಯ್ತು. 2013ರಲ್ಲಿ ಕ್ಷೀರಭಾಗ್ಯ ಅಂತ ಹಾಲು ಬಂತು. 2017ರ ಗಾಂಧಿಜಯಂತಿ ದಿನ ಮಾತೃಪೂರ್ಣ ಅಂತ ಶುರು ಆಗಿ, ಅಂಗನವಾಡೀಲಿ ಬಸುರಿ ಬಾಣಂತಿಯರಿಗೆ ಊಟದ ಜೊತೆ ಬೇಯ್ಸಿದ ಮೊಟ್ಟೆ ಕೊಟ್ರು. ಶಾಲೆ ಮಕ್ಕಳಿಗೆ 2021ರ ಡಿಸೆಂಬರಲ್ಲಿ ಮೊದಲು ಉತ್ತರದ ಕೆಲವು ಜಿಲ್ಲೆಗೆ ಬಂತು, ಆಮೇಲೆ ಎಲ್ಲ ಕಡೆಗೂ ಬಂತು, ವಾರದಲ್ಲಿ ಒಂದು, ಎರಡು ಅಂತ. 2024ರ ಸೆಪ್ಟೆಂಬರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್‌ನವರು ದುಡ್ಡು ಸೇರಿಸಿದ್ರು, ವಾರದಲ್ಲಿ ಆರು ದಿನ ಆಯ್ತು. ಮೊಟ್ಟೆ ಬೇಡ ಅನ್ನೋ ಮಕ್ಕಳಿಗೆ ಬಾಳೆಹಣ್ಣು. ಗುಂಡ್ಲುಪೇಟೆ ಕಡೆ ಬಾಳೆಗೇನು ಬರ ಇಲ್ಲ. ಸೋಮವಾರ ಮಾದಪ್ಪನ ವಾರ ಅಂತ ಮೊಟ್ಟೆ ಮುಟ್ಟದ ಮನೆಗಳು ನಮ್ಮ ಕಡೆ ಬೇಕಾದಷ್ಟವೆ. ಸೋಮವಾರ ಬಾಳೆಹಣ್ಣಿನ ಲೆಕ್ಕ ಜಾಸ್ತಿ, ಮಂಗಳವಾರ ಮತ್ತೆ ಮೊಟ್ಟೆ ಲೆಕ್ಕ ಜಾಸ್ತಿ ಅಂತ ತಂಗಿ ನಗಾಡ್ತಾಳೆ.

ಈಗ ತಂಗಿ ಕಷ್ಟಕ್ಕೆ ಬರ್ತೀನಿ. ಅವಳ ಶಾಲೇಲಿ ನೂರರುವತ್ತು ಮಕ್ಕಳು, ಅಡುಗೆಯವರು ಮೂರು ಜನ. ಮೊಟ್ಟೆ ತಿನ್ನೋ ಮಕ್ಕಳು ಹೆಚ್ಚುಕಮ್ಮಿ ನೂರಿಪ್ಪತ್ತು. ಬೆಳಿಗ್ಗೆ ಹಾಲು ಕಾಸಬೇಕು, ಅನ್ನ ಸಾಂಬಾರು ಆಗಬೇಕು, ಅದರ ಮಧ್ಯೆ ಮೊಟ್ಟೆ ಬೇಯ್ಸಿ ಸುಲೀಬೇಕು. ಊಟದ ಗಂಟೆ ಹೊಡೆಯೋದ್ರೊಳಗೆ ಆಗಬೇಕು. ಹಂಗಾಗಿ ಮೊಟ್ಟೆ ಆರೋ ತನಕ ಕಾಯಕ್ಕೆ ಆಗಲ್ಲ, ಬಿಸಿ ಬಿಸೀನೇ ಸುಲಿಯೋರು. ಸಿಪ್ಪೆ ಚೂರು ಉಗುರಿನ ಸಂದೀಲಿ ಚುಚ್ಚೋದು, ಬೆರಳ ತುದಿ ಸುಟ್ಟು ಸುಟ್ಟು ಚರ್ಮ ಸೀಳೋದು. ಸಂಜೆ ಮನೇಲಿ ಮೆಣಸಿನಕಾಯಿ ಮುಟ್ಟಿದ್ರೆ ಉರಿ ತಡೆಯಕ್ಕಾಗಲ್ಲ ಅಂತಿದ್ಲು.

ಇದಕ್ಕೆ ಸರ್ಕಾರದ ಲೆಕ್ಕ ಏನು ಗೊತ್ತಾ? ಒಂದು ಮೊಟ್ಟೆಗೆ 6 ರೂಪಾಯಿ ಅಂತ ಇಟ್ಟಾಗ, ಅದರಲ್ಲಿ ಬೇಯ್ಸೋ ಉರಿಗೆ 50 ಪೈಸೆ, ಸುಲಿಯೋ ಕೂಲಿ 30 ಪೈಸೆ. ನಾನು ಕಾಗದದ ಮೇಲೆ ಬರೆದು ನೋಡ್ದೆ. ನೂರಿಪ್ಪತ್ತು ಮೊಟ್ಟೆಗೆ 36 ರೂಪಾಯಿ. ಮೂರು ಜನಕ್ಕೆ ಹಂಚುದ್ರೆ ತಲೆಗೆ 12 ರೂಪಾಯಿ. ಒಂದು ಟೀ ದುಡ್ಡು. ಅವರಿಗೆ ತಿಂಗಳಿಗೆ ಕೊಡೋದನ್ನ ಸಂಬಳ ಅಂತಾನೂ ಕರೆಯಲ್ಲ, ಗೌರವ ಸಂಭಾವನೆ ಅಂತಾರೆ. ಗೌರವ ಅದರ ಹೆಸರಲ್ಲೇ ಮುಗಿದೋಯ್ತದ. ಚೆಂಡುಹೂ ಬಿಡಿಸಕ್ಕೋ ಅರಿಶಿನ ಕೀಳಕ್ಕೋ ಹೋದ್ರೆ ಇದಕ್ಕಿಂತ ಜಾಸ್ತಿ ಸಿಕ್ತದ. ಭಾವನಿಗೆ ಬೆನ್ನು ಸರಿಯಿಲ್ಲ, ದೊಡ್ಡ ಮಗ ಇನ್ನೂ ಐಟಿಐ ಓದ್ತಾ ಅವ್ನೆ. ಅದಕ್ಕೇ ಬುಟ್ಬುಡ್ತೀನಿ ಅಂತ ಇದ್ದದ್ದು.

ಆದ್ರೆ ಅವಳಿಗೆ ಕೈ ಉರಿಗಿಂತ ಜಾಸ್ತಿ ಬೇಜಾರು ಆಗಿದ್ದು ಬೇರೆ. ನೂರಿಪ್ಪತ್ತರಲ್ಲಿ ಇಪ್ಪತ್ತು ಇಪ್ಪತ್ತೈದು ಮೊಟ್ಟೆ ಕಿತ್ತೋಗ್ತಿದ್ವಂತೆ. ಮಕ್ಕಳು ಸಾಲಾಗಿ ತಟ್ಟೆ ಹಿಡ್ಕೊಂಡು ಬತ್ತವೆ. ಮುಂದಿರೋರಿಗೆ ದುಂಡು ಮೊಟ್ಟೆ, ಹಿಂದಿರೋರಿಗೆ ಕಿತ್ತೋದ ಮೊಟ್ಟೆ. ಒಂದಿನ ಮೂರನೇ ಕ್ಲಾಸಿನ ಒಂದು ಹೆಣ್ಣುಮಗು ತಟ್ಟೆ ನೋಡ್ಕೊಂಡು, "ನಂಗ ಅರ್ಧ ಮಾತ್ರ ಅದ" ಅಂತಂತೆ. ಅಳ್ಲಿಲ್ಲ, ಜಗಳ ಮಾಡ್ಲಿಲ್ಲ, ಹಂಗಂದು ಹೋಗಿ ಕೂತ್ಕೊಂಡು ತಿಂತಂತೆ. "ಅಕ್ಕ, ಆ ಮೊಗ ಸುಮ್ಮನ ಹೋಗಿ ಕೂತ್ಕೊತಲ್ಲ, ಅದ್ಕ ನನ್ಗ ತಡೆಯಕಾಗ್ಲಿಲ್ಲ. ಅತ್ತಿದ್ರ ಸಮಾಧಾನ ಮಾಡ್ಬುಡ್ತಿದ್ದಿ" ಅಂದ್ಲು. ನಾನೂ ಏನೂ ಮಾತಾಡ್ಲಿಲ್ಲ. ನಾವಿಬ್ಬರೂ ಅರ್ಧ ತಿಂದು ಬೆಳೆದೋರೇ ತಾನೇ.

ಆ ಭಾನುವಾರ ಅವಳನ್ನ ಚಾಮರಾಜನಗರಕ್ಕೆ ಕರೆಸ್ಕೊಂಡೆ. "ಕೆಲಸ ಬುಡೋದು ಇರ್ಲಿ, ಮೊದಲು ಸಿಪ್ಪೆ ಯಾಕ ಬುಡ್ತಿಲ್ಲ ಅಂತ ನೋಡವ ಬಾ" ಅಂತ. ನಾನು ಪಿಯುಸಿಲಿ ಸೈನ್ಸ್ ತಗೊಂಡಿದ್ದೋಳು. ಅಲ್ಲಿಂದ ಮುಂದಕ್ಕೆ ಓದಿಸ್ಲಿಲ್ಲ, ಮದುವೆ ಆಯ್ತು. ಆದ್ರೆ ಲಿಟ್ಮಸ್ ಕಾಗದ, ಆಮ್ಲ, ಕ್ಷಾರ ಅಷ್ಟು ಮರೆತಿಲ್ಲ. ಮೊಟ್ಟೆ ವಿಚಾರ ಓದಿ ತಿಳ್ಕೊಂಡಾಗ ಅದೆಲ್ಲ ವಾಪಸ್ ಬಂತು.

ಸಂಗತಿ ಇಷ್ಟೇ. ಮೊಟ್ಟೆ ಸಿಪ್ಪೆ ಗೋಡೆ ತರ ಗಟ್ಟಿ ಅಲ್ಲ, ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತವೆ. ಸಿಪ್ಪೆ ಒಳಗಡೆ ಎರಡು ಪದರ ಪೊರೆ ಅದ. ಆಗ ತಾನೇ ಇಟ್ಟ ಮೊಟ್ಟೆ ಬಿಳೀಲಿ ಕಾರ್ಬನ್ ಡೈಆಕ್ಸೈಡ್ ಕರಗಿರ್ತದ. ಹಂಗಾಗಿ ಅದರ ಕ್ಷಾರದ ಗುಣ ಕಮ್ಮಿ. ಆ ಸ್ಥಿತೀಲಿ ಬೇಯ್ಸಿದ್ರೆ ಬಿಳಿ ಹೋಗಿ ಪೊರೆಗೆ ಗೋಂದು ಹಾಕಿದಂಗೆ ಕಚ್ಕೋತದ. ದಿನ ಕಳೆದಂಗೆ ಆ ಗಾಳಿ ತೂತಿನಿಂದ ಆಚೆ ಹೋಯ್ತದ, ಬಿಳಿ ಕ್ಷಾರ ಆಗ್ತಾ ಬತ್ತದ, ಪೊರೆ ಮೇಲಿನ ಹಿಡಿತ ಸಡಿಲ ಆಯ್ತದ. ಜೊತೆಗೆ ಒಳಗಿನ ನೀರು ಒಸಿ ಒಸಿ ಆರಿ, ದಪ್ಪ ತುದೀಲಿ ಗಾಳಿ ಗೂಡು ದೊಡ್ಡದಾಯ್ತದ. ಅಲ್ಲಿಂದ ಸುಲಿಯಕ್ಕೆ ಜಾಗ ಸಿಕ್ತದ. ಬೇರೆ ಸಾಮಾನೆಲ್ಲ ತಾಜಾ ಇದ್ದಷ್ಟೂ ಒಳ್ಳೇದು. ಸುಲಿಯೋ ಮೊಟ್ಟೆ ಮಾತ್ರ ನಾಲ್ಕು ದಿನ, ಒಂದು ವಾರ ಹಳೇದಾಗಿರಬೇಕು.

ಇದು ತಿಳಿದಾಗ ಅವ್ವನ ರಾಗಿ ಗುಡಾಣ ನೆನಪಾಯ್ತು. ಅವ್ವ ಬೇಯ್ಸ್ತಿದ್ದಿದ್ದು ಹತ್ತು ಹನ್ನೆರಡು ದಿನದ ಮೊಟ್ಟೆ. ಅದಕ್ಕೇ ಅಷ್ಟು ನುಣ್ಣಗೆ ಸಿಪ್ಪೆ ಬಿಡ್ತಿತ್ತು. ಅವ್ವನ ಕೈಗುಣ ಅಂತ ನಾವು ಹೇಳ್ಕೊಂಡು ಬಂದಿದ್ದು ಅರ್ಧ ಆ ಗುಡಾಣದ ಗುಣ.

ಎರಡನೇದು ನೀರು. ಬಹಳ ಮನೇಲಿ ತಣ್ಣೀರಿಗೆ ಮೊಟ್ಟೆ ಹಾಕಿ ಒಲೆ ಮೇಲೆ ಇಡ್ತಾರೆ. ನೀರು ನಿಧಾನಕ್ಕೆ ಕಾದಂಗೆ ಬಿಳಿಯೂ ನಿಧಾನಕ್ಕೆ ಗಟ್ಟಿಯಾಗ್ತಾ ಪೊರೆ ಜೊತೆ ಹೊಂದ್ಕೊಂಡ್ಬುಡ್ತದ. ಕುದಿಯೋ ನೀರಿಗೆ ಹಾಕುದ್ರೆ ಬಿಳಿ ತಟ್ಟಂತ ಗಟ್ಟಿಯಾಗಿ ಒಳಕ್ಕೆ ಕುಗ್ಗತದ, ಪೊರೆಗೆ ಅಂಟೋಕೆ ಪುರುಸೊತ್ತು ಇರಲ್ಲ. ಹಬೆಯೂ ಹಂಗೇ.

ಓದಿದ್ದನ್ನ ನಂಬಿಕೊಂಡು ಕೂರೋ ಬದಲು ಮಾಡೇ ನೋಡಿದೋ. ಪಕ್ಕದ ಮನೆಯೋರ ನಾಟಿಕೋಳಿ ಮೊಟ್ಟೆ, ಅವತ್ತಿಂದು ಹಿಂದಿನ ದಿನದ್ದು ಸೇರಿ ಹದಿನೆಂಟು ತಗೊಂಡೆ. ಅಂಗಡಿಯಿಂದ ತಂದು ವಾರ ಆಗಿದ್ದ ಫಾರಂ ಮೊಟ್ಟೆ ಆರು ಮನೇಲೇ ಇತ್ತು. ತಾಜಾ ಮೊಟ್ಟೆ ಆರು ತಣ್ಣೀರಿಗೆ, ಆರು ಕುದಿಯೋ ನೀರಿಗೆ, ಆರು ಇಡ್ಲಿ ಪಾತ್ರೇಲಿ ಹಬೆಗೆ. ವಾರದ ಮೊಟ್ಟೆ ಆರು ಕುದಿಯೋ ನೀರಿಗೆ. ನಮ್ಮ ಯಜಮಾನರು ಪೇಪರ್ ಓದ್ತಾ ಇದ್ದೋರು, "ಇವತ್ತೇನು ಮದುವೆ ಮನೆಯಾ?" ಅಂತ ಕೇಳಿದ್ರು.

ತಣ್ಣೀರಿನ ತಾಜಾ ಮೊಟ್ಟೆ ಆರರಲ್ಲಿ ಐದು ಕಿತ್ತೋದೋ. ಕುದಿಯೋ ನೀರಿಂದು ಎರಡು. ಇಡ್ಲಿ ಪಾತ್ರೇಲಿ ಒಂದು. ವಾರದ ಮೊಟ್ಟೆ ಆರಕ್ಕೆ ಆರೂ ಸೈ, ಗೋಲಿ ತರ. ತಂಗಿ ಆ ಆರನ್ನೂ ತಟ್ಟೇಲಿ ಸಾಲಾಗಿ ಇಟ್ಟು ನೋಡ್ತಾ ಕೂತಿದ್ಲು. ರಾತ್ರಿ ಅಷ್ಟೂ ಮೊಟ್ಟೆಗೂ ಹುರುಳಿಕಾಳು ಗಾತ್ರ ಬೆಳ್ಳುಳ್ಳಿ ಬುಡದಂಗೆ ಅರೆದು ಖಾರ ಹಾಕಿ ಎಸ್ರು ಮಾಡಿ, ಮುದ್ದೆ ಜೊತೆ ಎರಡು ಮನೆಯವರೂ ತಿಂದೋ, ಪಕ್ಕದ ಮನೆಗೂ ಕೊಟ್ಟೋ.

ಹಂಗಾದ್ರೆ ನಾನು ಈಗ ಮಾಡೋ ಕ್ರಮ ಹೇಳ್ತೀನಿ. ಮೊಟ್ಟೆ ತಂದ ದಿನ ಸಿಪ್ಪೆ ಮೇಲೆ ಪೆನ್ಸಿಲಲ್ಲಿ ತಾರೀಖು ಬರೀತೀನಿ. ಹೊಸದು ಆಮ್ಲೆಟ್ಟಿಗೆ, ಒಡೆದು ಹಾಕೋ ಎಸ್ರಿಗೆ, ಹಳೇದು ಬೇಯ್ಸಕ್ಕೆ. ಮೊಟ್ಟೆ ಮುಳುಗೋಕಿಂತ ಒಂದು ಬೆರಳು ಜಾಸ್ತಿ ನೀರು ಇಟ್ಟು, ಕುದಿ ಬಂದ ಮೇಲೆ ಉರಿ ತಗ್ಗಿಸಿ, ಸೌಟಲ್ಲಿ ಒಂದೊಂದಾಗಿ ಮೆಲ್ಲಗೆ ಇಳಿಸ್ತೀನಿ. ಮೇಲಿಂದ ಎತ್ತಾಕುದ್ರೆ ತಳಕ್ಕೆ ಬಡಿದು ಬಿರುಕು ಬುಡ್ತದ. ಫ್ರಿಜ್ಜಿನ ಮೊಟ್ಟೆ ಆದ್ರೆ ಅರ್ಧ ಗಂಟೆ ಮುಂಚೆ ಆಚೆ ಇಟ್ಟಿರ್ತೀನಿ. ಹನ್ನೆರಡು ನಿಮಿಷ. ನಾಟಿ ಮೊಟ್ಟೆ ಚಿಕ್ಕದು, ಹತ್ತು ಸಾಕು. ಇಡ್ಲಿ ಪಾತ್ರೇಲಾದ್ರೆ ಹಬೆ ಬಂದ ಮೇಲೆ ಹದಿಮೂರು ನಿಮಿಷ. ಇಡ್ಲಿ ಗುಳೀಲಿ ಒಂದೊಂದು ಕೂತಿರೋದ್ರಿಂದ ಒಂದಕ್ಕೊಂದು ತಗಲೋದೂ ಇಲ್ಲ, ಗ್ಯಾಸೂ ಉಳೀತದ.

ಇಲ್ಲಿ ಒಂದು ಮಾತು. ಊಟಿಗೆ ಹೋದಾಗ ರೂಮಲ್ಲಿ ಮೊಟ್ಟೆ ಬೇಯ್ಸುದ್ರೆ ಇದೇ ಲೆಕ್ಕ ನಡೆಯಲ್ಲ. ಗುಂಡ್ಲುಪೇಟೆ ಸಮುದ್ರಕ್ಕಿಂತ ಸುಮಾರು 800 ಮೀಟರು ಎತ್ತರ, ಇಲ್ಲಿ ನೀರು 97 ಡಿಗ್ರಿ ಆಸುಪಾಸಲ್ಲಿ ಕುದೀತದ. ಬಂಡೀಪುರ ದಾಟಿ ಘಾಟಿ ಹತ್ತಿ ಊಟಿಗೆ ಹೋದ್ರೆ ಅದು 2,200 ಮೀಟರಿಗಿಂತ ಮೇಲೆ, ಅಲ್ಲಿ 93 ಡಿಗ್ರಿಗೇ ಕುದಿ ಬಂದ್ಬುಡ್ತದ. ಕುದಿಯೋದು ಕಾಣ್ತದ, ಬಿಸಿ ಕಮ್ಮಿ. ಎರಡು ಮೂರು ನಿಮಿಷ ಜಾಸ್ತಿ ಬುಡಿ.

ಬೆಂದ ತಕ್ಷಣ ಬಿಸಿನೀರು ಬಸಿದು ತಣ್ಣೀರು ಹುಯ್ಬೇಕು. ಆ ನೀರು ಬೆಚ್ಚಗಾದ್ರೆ ಅದನ್ನೂ ಚೆಲ್ಲಿ ಇನ್ನೊಂದು ಸಲ. ಹಂಗೇ ಬಿಸಿನೀರಲ್ಲೇ ಬುಟ್ರೆ ಒಳಗೆ ಬೇಯ್ತಾನೇ ಇರ್ತದ, ಅರಿಶಿನದ ಸುತ್ತ ಹಸಿರು ಉಂಗುರ ಬತ್ತದ. ಅದನ್ನ ನೋಡಿ ಮೊಟ್ಟೆ ಕೆಟ್ಟೋಗದ ಅಂತ ಕೆಲವರು ಎಸೀತಾರೆ. ಕೆಟ್ಟಿರಲ್ಲ. ಬಿಳಿಯಲ್ಲಿರೋ ಗಂಧಕ, ಅರಿಶಿನದಲ್ಲಿರೋ ಕಬ್ಬಿಣ ಎರಡೂ ಸೇರಿ ಆಗೋ ಬಣ್ಣ ಅದು, ತಿನ್ನಬಹುದು. ಕೆಟ್ಟಿರೋದನ್ನ ನೋಡ್ಬೇಕು ಅಂದ್ರೆ ಬೇಯ್ಸೋಕೆ ಮುಂಚೆ ತಣ್ಣೀರಿಗೆ ಹಾಕಿ. ಅಡ್ಡಡ್ಡ ಮಲಗಿದ್ರೆ ಹೊಸದು, ತುದಿ ಮೇಲೆ ನಿಂತ್ಕೊಂಡ್ರೆ ಹಳೇದು, ಬೇಯ್ಸಿ ತಿನ್ನಬಹುದು. ತೇಲುದ್ರೆ ಒಡೆಯಕ್ಕೂ ಹೋಗ್ಬೇಡಿ, ತಿಪ್ಪೆಗೆ ಹಾಕಿ.

ಸುಲಿಯೋದು ದಪ್ಪ ತುದಿಯಿಂದ. ಅಲ್ಲೇ ಗಾಳಿ ಗೂಡು ಇರೋದು. ಆ ತುದೀನ ತಟ್ಟಿ, ಆಮೇಲೆ ಅಂಗೈಯಡಿ ಇಟ್ಟು ಚಪಾತಿ ಉಂಡೆ ಉರುಳಿಸಿದಂಗೆ ಒಂದು ಸುತ್ತು ಉರುಳಿಸಿ, ನೀರಿನೊಳಗೇ ಇಟ್ಕೊಂಡು ಸುಲೀಬೇಕು. ನೀರು ಪೊರೆ ಸಂದಿಗೆ ನುಗ್ಗಿ ತಾನೇ ಬಿಡಿಸ್ತದ, ಚೂರೂ ಮೊಟ್ಟೆಗೆ ಅಂಟಲ್ಲ. ಬರೀ ಸಿಪ್ಪೆ ಹಿಡಿದು ಎಳೀಬೇಡಿ, ಒಳಗಿನ ಪೊರೆ ಸಮೇತ ಹಿಡೀರಿ. ಪೊರೆ ಬಂದ್ರೆ ಸಿಪ್ಪೆ ಅದರ ಬೆನ್ನಿಗೇ ಬತ್ತದ.

ಉಪ್ಪು ಹಾಕುದ್ರೆ ಸಿಪ್ಪೆ ಬುಡ್ತದ ಅಂತಾರೆ. ಉಪ್ಪಿನ ಉಪಯೋಗ ಬೇರೆ. ಮೊಟ್ಟೆ ಬಿರುಕು ಬಿಟ್ರೆ ಆಚೆ ಬರೋ ಬಿಳಿ ಬೇಗ ಗಟ್ಟಿಯಾಗಿ ಬಿರುಕನ್ನ ಮುಚ್ಚತದ, ಅಷ್ಟೇ. ಅಡುಗೆ ಸೋಡಾ ಒಂದು ಚಿಟಿಕೆ ಹಾಕುದ್ರೆ ತಾಜಾ ಮೊಟ್ಟೆಗೆ ಒಸಿ ಸಹಾಯ ಆಯ್ತದ, ಜಾಸ್ತಿ ಹಾಕುದ್ರೆ ವಾಸನೆ. ವಾರದ ಮೊಟ್ಟೆ, ಕುದಿಯೋ ನೀರು, ತಣ್ಣೀರು, ಇವು ಮೂರು ಇದ್ರೆ ಇವ್ಯಾವೂ ಬೇಡ.

ಮನೇಲಿ ಆರು ಮೊಟ್ಟೆ ಸೌಟಲ್ಲಿ ಇಳಿಸಬಹುದು, ಶಾಲೇಲಿ ನೂರಿಪ್ಪತ್ತು ಹೆಂಗೆ? ಅದಕ್ಕೆ ತಂಗೀನೇ ದಾರಿ ಹುಡುಕುದ್ಲು. ಸಂತೇಲಿ ಎರಡು ಬಿದಿರಿನ ಪುಟ್ಟಿ ತಂದು ಚೆನ್ನಾಗಿ ತೊಳೆದು, ಎರಡು ಕಡೆ ಹಗ್ಗದ ಕಿವಿ ಕಟ್ಟುದ್ಲು. ಒಂದೊಂದಕ್ಕೆ ಅರುವತ್ತು ಮೊಟ್ಟೆ ಜೋಡಿಸಿ, ಇಬ್ಬರು ಆ ಕಡೆ ಈ ಕಡೆ ಹಿಡ್ಕೊಂಡು ಕುದಿಯೋ ಡಬರಿಗೆ ಇಳಿಸೋದು, ಬೆಂದ ಮೇಲೆ ಹಂಗೇ ಎತ್ತಿ ತಣ್ಣೀರಿನ ಡಬರಿಗೆ ಬುಡೋದು. ಹೆಡ್ ಮೇಷ್ಟ್ರಿಗೆ ಹೇಳಿ ಮೊಟ್ಟೆನ ನಾಲ್ಕು ದಿನ ಮುಂಚೆ ತರಿಸಿ, ತಟ್ಟೆ ಮೇಲೆ ತಾರೀಖು ಬರೆದು, ಹಳೇದು ಮೊದಲು ಬಳಸೋಂಗೆ ಮಾಡ್ಕೊಂಡ್ಲು. ಅವರೂ ಒಪ್ಪುದ್ರು. ತಣ್ಣೀರೊಳಗೆ ಸುಲಿಯೋದ್ರಿಂದ ಬೆರಳು ಸುಡೋದು ನಿಂತೋಯ್ತು. ಈಗ ನೂರಿಪ್ಪತ್ತಕ್ಕೆ ನಾಲ್ಕೋ ಐದೋ ಕಿತ್ತೋಯ್ತವಂತೆ. ಆ ನಾಲ್ಕೈದನ್ನ ಅಡುಗೆಯವರು, ಮೇಷ್ಟ್ರು ತಗೋತಾರೆ, ಮಕ್ಕಳ ತಟ್ಟೆಗೆ ಹೋಗೋದೆಲ್ಲ ದುಂಡು ಮೊಟ್ಟೆ.

ಮೂವತ್ತು ಪೈಸೆ ಮಾತ್ರ ಮೂವತ್ತು ಪೈಸೇನೇ. ನಮ್ಮ ಇಡ್ಲಿ ಪಾತ್ರೆಯಿಂದ ಅದು ಜಾಸ್ತಿ ಆಗಲ್ಲ. ಕೈ ಉರಿ ಕಮ್ಮಿ ಆಯ್ತು ಅಂದ್ರೆ ಕೂಲಿ ಸರಿ ಆಯ್ತು ಅಂತ ಅಲ್ಲ. ತಂಗಿ ಕೆಲಸ ಬುಡೋ ಮಾತು ಪೂರ್ತಿ ಬುಟ್ಟಿಲ್ಲ. "ಈ ವರ್ಸ ನೋಡ್ತೀನಿ ಅಕ್ಕ" ಅಂದವ್ಳೆ. ಯೂನಿಯನ್ನಿನವರು ಕರೆದ್ರೆ ಗುಂಡ್ಲುಪೇಟೆಗೆ ಹೋಗಿ ಕೂತ್ಕೊಂಡು ಬರ್ತಾಳೆ. ಹೋಗು ಅಂತ ನಾನೂ ಹೇಳಿದ್ದೀನಿ.

ನಮ್ಮ ಅವ್ವ ಈಗ ನನ್ನ ಜೊತೇಲೇ ಅವ್ಳೆ. ಎಪ್ಪತ್ತೆಂಟು ದಾಟಿತು, ಹಲ್ಲಿಲ್ಲ, ರಕ್ತ ಕಮ್ಮಿ. ದಿನಕ್ಕೊಂದು ಮೊಟ್ಟೆ ಕೊಡಿ ಅಂತ ಡಾಕ್ಟ್ರು ಹೇಳವ್ರೆ. ಒಂದು ಮೊಟ್ಟೇಲಿ ಆರು ಗ್ರಾಂ ಪ್ರೋಟೀನು ಅದ, ಅಗಿಯೋ ಕಷ್ಟ ಇಲ್ಲ, ಇದಕ್ಕಿಂತ ಸುಲಭದ್ದು ಇನ್ಯಾವುದದ? ಆದ್ರೆ ಅವ್ವ ಇಡೀ ಮೊಟ್ಟೆ ತಿನ್ನಲ್ಲ. ಸುಲಿದು ತಟ್ಟೇಲಿ ಇಟ್ಟ ತಕ್ಷಣ ದಾರ ಕೇಳ್ತಾಳೆ. ಹಲ್ಲಿಲ್ಲವಲ್ಲ, ಕಾಲ್ಬೆರಳಿಗೆ ದಾರದ ತುದಿ ಸಿಕ್ಕಿಸ್ಕೊಂಡು ಎರಡು ಹೋಳು ಮಾಡಿ, ಒಂದು ಹೋಳು ಪಕ್ಕಕ್ಕೆ ಎತ್ತಿ ಇಡ್ತಾಳೆ. "ಮೊಗೀಗ ಇರ್ಲಿ" ಅಂತಾಳೆ. ಮೊಗ ಅಂದ್ರೆ ನನ್ನ ಮೊಮ್ಮಗ. ಅವನಿಗೆ ಬೇರೆ ಮೊಟ್ಟೆ ಅದ ಕನವ್ವ, ಫ್ರಿಜ್ಜಲ್ಲಿ ಹನ್ನೆರಡು ಅವೆ ಅಂತ ತೋರಿಸಿದ್ರೂ ಅಷ್ಟೇ. "ನಾನೇನ್ ಗೇಯಕ ಹೋದನಾ, ನಂಗ್ಯಾಕ ಇಡೀದು" ಅಂತಾಳೆ. ಅರುವತ್ತು ವರ್ಷ ಗೇಯ್ದಿದ್ದು ಅವಳ ಲೆಕ್ಕಕ್ಕೆ ಈಗಲೂ ಬಂದಿಲ್ಲ.

ವಾದ ಮಾಡಿ ಸಾಕಾಗಿ ಈಗ ನಾನೇ ಒಳಗಡೆ ದಾರದಲ್ಲಿ ಎರಡು ಮಾಡ್ತೀನಿ. ಬೆಳಿಗ್ಗೆ ಅರ್ಧಕ್ಕೆ ಉಪ್ಪು, ಮೆಣಸಿನಪುಡಿ ಉದುರಿಸಿ ಕೊಡ್ತೀನಿ. ಇನ್ನರ್ಧ ಮುಚ್ಚಿ ಫ್ರಿಜ್ಜಲ್ಲಿ ಇಟ್ಟು, ರಾತ್ರಿ ಬಿಸಿ ಎಸ್ರಿಗೆ ಹಾಕಿ ಅನ್ನದ ಜೊತೆ ಕಲೆಸಿ ಕೊಡ್ತೀನಿ. ಸುಲಿದ ಮೊಟ್ಟೆ ಆಚೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ನಮ್ಮ ಬಿಸಿಲಿಗೆ ಬೇಗ ಕೆಡ್ತದ. ಸಿಪ್ಪೆ ಸಮೇತ ಇದ್ರೆ ಫ್ರಿಜ್ಜಲ್ಲಿ ಒಂದು ವಾರ ತಡೀತದ. ಹಿಂಗೆ ದಿನಕ್ಕೊಂದು ಇಡೀ ಮೊಟ್ಟೆ ಅವ್ವನ ಹೊಟ್ಟೆಗೆ ಹೋಯ್ತಾ ಅದ. ಅವ್ಳಿಗೆ ಗೊತ್ತಿಲ್ಲ ಅಂತ ಅನ್ಕೊಂಡಿದ್ದೆ. ಮೊನ್ನೆ ರಾತ್ರಿ ಅನ್ನ ತಿನ್ತಾ, "ಇದು ಬೆಳಿಗ್ಗೆದ್ರ ಜೋಡಿಯಾ?" ಅಂತ ಕೇಳುದ್ಲು. ಹೂ ಕನವ್ವ ಅಂದೆ. ಏನೂ ಅನ್ಲಿಲ್ಲ, ತಿಂದ್ಲು.

ಕೊನೇಗೊಂದು ಮಾತು. ಸಿಪ್ಪೆ ಬಿಸಾಕ್ಬೇಡಿ. ಒಣಗಿಸಿ, ಪುಡಿ ಮಾಡಿ, ಕರಿಬೇವಿನ ಗಿಡದ ಬುಡಕ್ಕೆ, ಟೊಮೊಟೊ ಗಿಡಕ್ಕೆ ಹಾಕಿ, ಅದು ಬರೀ ಸುಣ್ಣವೇ. ತಂಗಿ ಶಾಲೇಲಿ ದಿನಾ ಬರೋ ನೂರಿಪ್ಪತ್ತು ಸಿಪ್ಪೆನ ಕೈತೋಟದ ಬದನೆ ಸಾಲಿಗೆ ಹಾಕ್ತಾರೆ. ಮೊದಲು ಹಾಕುದ್ರೆ ಕಟ್ಟಿರುವೆ ಮುತ್ಕೊಂಡು, ನಾಯಿ ಬಂದು ಕೆದಕ್ತಾ ಇದ್ವಂತೆ. ಈಗ ಒಂದೂ ಬರಲ್ಲ ಅಂತಾಳೆ. ಸಿಪ್ಪೇಲಿ ತಿನ್ನೋಕೆ ಏನೂ ಉಳಿದಿಲ್ಲ, ಎಲ್ಲ ಮಕ್ಕಳ ತಟ್ಟೆಗೇ ಹೋಗದ.